ಕಾರ್ಪಲ್ ಟನಲ್ ತೊಂದರೆಗೆ ಮಸಾಜ್: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಕೈ ಜೋಮು ಹಿಡಿಯುವ ಬಗ್ಗೆ ಗುಂಪಿನಲ್ಲಿ ವಾರದಿಂದ ಪ್ರಶ್ನೆಗಳು ಬರುತ್ತಲೇ ಇವೆ. ಕೈ ಮತ್ತು ಮಣಿಕಟ್ಟಿನ ತೊಂದರೆಗಳಲ್ಲೇ ಹೆಚ್ಚು ಕೆಲಸ ಮಾಡಿರುವ ಫಿಸಿಯೋಥೆರಪಿಸ್ಟ್ ಒಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಬೇರೆ ಕಡೆಯಿಂದ ಬಂದ ಸಂದೇಶಗಳನ್ನು ದಯವಿಟ್ಟು ಇಲ್ಲಿಗೆ ರವಾನಿಸಬೇಡಿ.

ಕಂಪ್ಯೂಟರ್ ಕೆಲಸದವನು: ಮೇಡಂ, ರಾತ್ರಿ ಎರಡು ಗಂಟೆಯ ಸುಮಾರಿಗೆ ಬಲಗೈ ಮರಗಟ್ಟಿ ಎಚ್ಚರವಾಗುತ್ತದೆ. ಎದ್ದು ಕೊಡವಿದರೆ ಸರಿಹೋಗುತ್ತದೆ. ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಮಾತ್ರ. ವೈದ್ಯರು ಕಾರ್ಪಲ್ ಟನಲ್ ಎಂದರು. ಮಸಾಜ್‌ನಿಂದ ಗುಣವಾಗುತ್ತದೆಯೇ?

ಫಿಸಿಯೋಥೆರಪಿಸ್ಟ್: ಹಾಯೆನಿಸುತ್ತದೆ. ಅದರಿಂದಲೇ ಗುಣವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಓಣಿಯಿದೆ, ಅದೇ ಕಾರ್ಪಲ್ ಟನಲ್. ಕೆಳಗೆ ಮತ್ತು ಅಕ್ಕಪಕ್ಕ ಮೂಳೆ, ಮೇಲೆ ದಪ್ಪನೆಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಬಿಗಿದಿಡುವ ಪಟ್ಟಿ. ಬೆರಳು ಮಡಿಸುವ 9 ಸ್ನಾಯುರಜ್ಜುಗಳೂ, ನಿಮಗೆ ಜೋಮು ಬರುವ ಬೆರಳುಗಳಿಗೆ ಹೋಗುವ ಮೀಡಿಯನ್ ನರವೂ ಅದರೊಳಗೇ ಹಾದುಹೋಗುತ್ತವೆ. ಒಳಗೆ ಸ್ವಲ್ಪ ಊತ ಬಂದರೂ ಮೊದಲು ನಲುಗುವುದು ನರ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡಾಗ ಒತ್ತಡ ಇನ್ನೂ ಏರುತ್ತದೆ, ನಿಮಗೆ ಎಚ್ಚರವಾಗುವುದು ಅದಕ್ಕೇ. ಮಸಾಜ್ ಮುಂಗೈಯ (ಮೊಣಕೈ ಮತ್ತು ಮಣಿಕಟ್ಟಿನ ನಡುವಿನ ಭಾಗದ) ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ, ಓಣಿಯನ್ನು ಅಗಲ ಮಾಡುವುದಿಲ್ಲ. ಇದರ ಬಗ್ಗೆ ನಡೆದ ಪ್ರಯೋಗಗಳು ಚಿಕ್ಕವು, ಕೆಲವೇ ವಾರಗಳವು. ಜೋಮು ಕಡಿಮೆಯಾಯಿತು, ಹಿಡಿತ ಸುಧಾರಿಸಿತು ಎಂದು ಕೆಲವು ಹೇಳಿವೆ. ಆ ಲಾಭ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ನಿಮ್ಮ ಹಂತದಲ್ಲಿ ಮೊದಲ ಚಿಕಿತ್ಸೆ ರಾತ್ರಿ ಹೊತ್ತು ಮಣಿಕಟ್ಟನ್ನು ನೇರವಾಗಿ ಇಡುವ ಸ್ಪ್ಲಿಂಟ್. ಕನಿಷ್ಠ 6 ವಾರ ತಪ್ಪದೆ ಕಟ್ಟಿಕೊಳ್ಳಿ. ಜೊತೆಗೆ ಮುಂಗೈ ಮಸಾಜ್ ಬೇಕಿದ್ದರೆ ಮಾಡಿಸಿ.

ಶಾಲಾ ಶಿಕ್ಷಕಿ: ನಮಸ್ಕಾರ ಮೇಡಂ. ನನಗೂ ರಾತ್ರಿ ಕೈ ಜೋಮು. ಮಸಾಜ್ ಮಾಡಿಸಬಹುದೇ?

ಫಿಸಿಯೋಥೆರಪಿಸ್ಟ್: ಮೇಲಿನ ಉತ್ತರ ನಿಮಗೂ ಅನ್ವಯಿಸುತ್ತದೆ. ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಅವುಗಳ ತೊಂದರೆಯಿಂದಲೂ ಹೀಗೆ ಜೋಮು ಬರುವುದುಂಟು.

ಏಳು ತಿಂಗಳ ಗರ್ಭಿಣಿ: ಅಕ್ಕ, ನನಗೆ ಎರಡೂ ಕೈ. ಬಾಚಣಿಗೆ ಹಿಡಿದರೂ ಜೋಮು ಬರುತ್ತದೆ. ಮಗುವಿಗೆ ಏನಾದರೂ ತೊಂದರೆಯೇ?

ಫಿಸಿಯೋಥೆರಪಿಸ್ಟ್: ಮಗುವಿಗೆ ಏನೂ ಇಲ್ಲಮ್ಮ, ಹೆದರಬೇಡಿ. ಬಸಿರಿನಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಹೀಗಾಗುತ್ತದೆ. ಹೆಚ್ಚಿನವರಿಗೆ ಹೆರಿಗೆಯಾದ ಕೆಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ. ರಾತ್ರಿ ಸ್ಪ್ಲಿಂಟ್ ಸಾಕು. ಆದರೆ ಕೈ ಜೊತೆಗೆ ಮುಖವೂ ದಿಢೀರನೆ ಊದಿಕೊಂಡರೆ, ತಲೆನೋವು ಬಂದರೆ, ಕಣ್ಣು ಮಂಜಾದರೆ ಅದು ರಕ್ತದೊತ್ತಡದ ವಿಷಯ. ಅಂದೇ ಆಸ್ಪತ್ರೆಗೆ ಹೋಗಿ.

ಹಿರಿಯ ಸದಸ್ಯರು: ನನಗೆ ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಲಿ: “ಮಣಿಕಟ್ಟಿನ ನಡುವೆ ಹೆಬ್ಬೆರಳಿನಿಂದ ಸಾಧ್ಯವಾದಷ್ಟು ಬಲವಾಗಿ 3 ನಿಮಿಷ ಒತ್ತಿ. ಜೋಮು ಹೆಚ್ಚಾದರೆ ನರ ಬಿಡಿಸಿಕೊಳ್ಳುತ್ತಿದೆ ಎಂದು ಅರ್ಥ. ದಿನಕ್ಕೆ ಐದು ಬಾರಿ, ಜೊತೆಗೆ ಬಿ6 ಮಾತ್ರೆ ಎರಡೆರಡು. ಶಸ್ತ್ರಚಿಕಿತ್ಸೆಯೇ ಬೇಡ.”

ಫಿಸಿಯೋಥೆರಪಿಸ್ಟ್: ಇದನ್ನು ದಯವಿಟ್ಟು ಅಳಿಸಿಹಾಕಿ. ಆ ಜಾಗವನ್ನು ಅರ್ಧ ನಿಮಿಷ ಒತ್ತಿ ಜೋಮು ಬರುತ್ತದೆಯೇ ಎಂದು ನೋಡುವುದು ರೋಗ ಪತ್ತೆಹಚ್ಚುವ ಪರೀಕ್ಷೆ. ಅದನ್ನೇ ಚಿಕಿತ್ಸೆ ಎಂದು ದಿನಕ್ಕೆ ಐದು ಸಲ ಮಾಡಿದರೆ, ಈಗಾಗಲೇ ಹಿಂಡಿದ ನರವನ್ನು ಮತ್ತೆ ಹಿಂಡಿದಂತೆ. ಜೋಮು ಹೆಚ್ಚಾಯಿತೆಂದರೆ ಒತ್ತಡ ಹೆಚ್ಚಾಯಿತು, ಅಷ್ಟೇ. ಬಿ6 ಮಾತ್ರೆಯನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದರಿಂದಲೇ ನರಗಳು ಕೆಡುತ್ತವೆ, ಕೈಕಾಲು ಜೋಮು ಹಿಡಿಯುತ್ತವೆ.

ಹಿರಿಯ ಸದಸ್ಯರು: ಒಳ್ಳೆಯ ಉದ್ದೇಶದಿಂದ ಹಾಕಿದ್ದು.

ಫಿಸಿಯೋಥೆರಪಿಸ್ಟ್: ಉದ್ದೇಶ ಒಳ್ಳೆಯದೇ ಇರಬಹುದು ಸರ್. ಅದನ್ನು ನಂಬಿ ಒತ್ತಿಕೊಂಡ ಕೈಗಳನ್ನು ನೋಡುವವಳು ನಾನು.

ಗಿಟಾರ್ ಕಲಿಯುವವನು: ಮೇಡಂ, ಸ್ಪ್ಲಿಂಟ್ ಕಟ್ಟಿಕೊಂಡಿರುವ ದಿನಗಳಲ್ಲಿ ಹಗಲು ಗಿಟಾರ್ ಅಭ್ಯಾಸ ಮಾಡಬಹುದೇ? ಎಷ್ಟು ಹೊತ್ತು?

ಬಡಗಿ ಕೆಲಸದವರು: ನನಗೆ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು. ಮಣಿಕಟ್ಟಿಗೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದೇನೆ.

ಫಿಸಿಯೋಥೆರಪಿಸ್ಟ್: ಕಿರುಬೆರಳು ಮೀಡಿಯನ್ ನರದ್ದಲ್ಲ, ಅಲ್ನಾರ್ ನರದ್ದು. ಅದು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಮೊಣಕೈಯಲ್ಲಿ. ಮಣಿಕಟ್ಟು ಉಜ್ಜಿ ಪ್ರಯೋಜನವಿಲ್ಲ. ಮೊಣಕೈ ಊರಿ ಕೆಲಸ ಮಾಡುವುದನ್ನು ಬಿಡಿ, ವೈದ್ಯರಿಗೆ ತೋರಿಸಿ.

ಹೊಲಿಗೆಯವರ ಮಗಳು: ಮೇಡಂ, ಇದು ಪ್ರಶ್ನೆಗಿಂತ ಸಂತೋಷದ ಸುದ್ದಿ. ಅಮ್ಮನಿಗೆ 58. ನಾಲ್ಕು ವರ್ಷದಿಂದ ಬಲಗೈ ನೋವು, ರಾತ್ರಿಯಿಡೀ ನಿದ್ದೆಯಿರಲಿಲ್ಲ. ಎಂಟು ತಿಂಗಳಿಂದ ದಿನಾ ಮಸಾಜ್ ಮಾಡುತ್ತಿದ್ದೇನೆ, ಈಗ ನೋವು ಪೂರ್ತಿ ಹೋಗಿದೆ! ಬೆರಳ ತುದಿಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ ಎನ್ನುತ್ತಾರೆ, ಅದೊಂದು ಉಳಿದಿದೆ. ರವಿಕೆಯ ಗುಂಡಿ ಹಾಕಲು ನಾನೇ ಬೇಕು. ವಯಸ್ಸಾಯಿತಲ್ಲ. ಮಸಾಜ್ ಇನ್ನೆಷ್ಟು ತಿಂಗಳು ಮುಂದುವರಿಸಬೇಕು?

ಫಿಸಿಯೋಥೆರಪಿಸ್ಟ್: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಉಳಿದವರು ಸ್ವಲ್ಪ ತಾಳಿ, ಇವರಿಗೆ ವಿವರವಾಗಿ ಬರೆಯಬೇಕು.

ನಾಲ್ಕು ವರ್ಷ ಕಾಡಿದ ನೋವು ಹೋಗಿ, ಅದೇ ಹೊತ್ತಿಗೆ ಸ್ಪರ್ಶವೂ ಹೋಗಿ, ಗುಂಡಿ ಹಾಕುವ ಶಕ್ತಿಯೂ ಹೋಗಿದ್ದರೆ ಅದು ಗುಣವಾದ ಲಕ್ಷಣವಲ್ಲ. ನೋವನ್ನು ತಿಳಿಸಬೇಕಾದ ನರದ ಎಳೆಗಳೇ ಸಾಯುತ್ತಿರಬಹುದು. ಜೋಮು, ಉರಿ, ರಾತ್ರಿಯ ನೋವು ಎಲ್ಲವೂ ಬದುಕಿರುವ ನರದ ಕೂಗು. ಅಮ್ಮನ ನರ ಕೂಗುವುದನ್ನು ನಿಲ್ಲಿಸಿದೆ ಎಂಬುದೇ ನನಗೆ ಹೆದರಿಕೆ.

ಈಗಲೇ ಒಂದು ಕೆಲಸ ಮಾಡಿ. ಅಮ್ಮನ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಮೇಜಿನ ಮೇಲೆ ಇರಿಸಿ, ಹೆಬ್ಬೆರಳ ಬುಡದ ಉಬ್ಬನ್ನು ಹೋಲಿಸಿ. ಬಲಗಡೆಯದು ಚಪ್ಪಟೆಯಾಗಿದೆಯೇ, ಅಲ್ಲಿ ಕುಳಿ ಬಿದ್ದಿದೆಯೇ ನೋಡಿ. ಆಮೇಲೆ ಹೆಬ್ಬೆರಳನ್ನು ನೆಟ್ಟಗೆ ಛಾವಣಿಯ ಕಡೆಗೆ ಎತ್ತಲು ಹೇಳಿ, ನೀವು ಮೇಲಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ಎಡಗೈ ತಡೆದುಕೊಂಡು ಬಲಗೈ ಸೋತರೆ, ಆ ಸ್ನಾಯುವಿಗೆ ನರದಿಂದ ಸಂದೇಶ ಸರಿಯಾಗಿ ತಲುಪುತ್ತಿಲ್ಲ.

ನನ್ನ ವೃತ್ತಿಯ ಆರಂಭದಲ್ಲಿ ಇಂಥದೇ ಒಬ್ಬರಿಗೆ ನಾನು ಎರಡು ತಿಂಗಳು ಮಸಾಜ್ ಮಾಡಿದೆ. ಪ್ರತಿ ಸಲವೂ “ನೋವು ಹೇಗಿದೆ?” ಎಂದು ಕೇಳುತ್ತಿದ್ದೆ. ಅವರು “ಕಡಿಮೆ” ಎನ್ನುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಹೆಬ್ಬೆರಳ ಬಲವನ್ನು ಒಮ್ಮೆಯೂ ಅಳೆಯಲಿಲ್ಲ. ಮುಂದೆ ಶಸ್ತ್ರಚಿಕಿತ್ಸೆಯಾದರೂ ಅವರ ಹಿಡಿತ ಮೊದಲಿನಂತಾಗಲಿಲ್ಲ. ಅಂದಿನಿಂದ ನಾನು ಮೊದಲು ಕೈ ನೋಡುತ್ತೇನೆ, ನೋವಿನ ಮಾತು ಆಮೇಲೆ.

ಅಮ್ಮನಿಗೆ ನರ್ವ್ ಕಂಡಕ್ಷನ್ ಪರೀಕ್ಷೆ (ನರದಲ್ಲಿ ಸಂದೇಶ ಹೇಗೆ ಸಾಗುತ್ತಿದೆ ಎಂದು ಅಳೆಯುವುದು) ಆಗಬೇಕು, ಕೈ ಶಸ್ತ್ರಚಿಕಿತ್ಸಕರು ನೋಡಬೇಕು. ಬಹುಶಃ ಲಿಗಮೆಂಟ್ ಕತ್ತರಿಸಿ ಜಾಗ ಮಾಡಿಕೊಡಬೇಕೆಂದು ಹೇಳುತ್ತಾರೆ. ಅದಾದ ಮೇಲೂ ಹಾನಿಯಾದ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸ್ಪರ್ಶ ಎಷ್ಟೋ ಮರಳಬಹುದು, ಕರಗಿದ ಸ್ನಾಯು ಪೂರ್ತಿ ಮರಳುತ್ತದೆಂದು ಮಾತು ಕೊಡಲಾರೆ. ಕಾದಷ್ಟೂ ಕಳೆದುಕೊಳ್ಳುವುದು ಹೆಚ್ಚು. ಇನ್ನೊಂದು ಮಾತು: ಆ ಬೆರಳುಗಳಿಗೆ ಬಿಸಿ ತಿಳಿಯುವುದಿಲ್ಲ. ಬಿಸಿನೀರಿನ ಚೀಲ, ಬಿಸಿ ಎಣ್ಣೆ, ಇಸ್ತ್ರಿಪೆಟ್ಟಿಗೆಯಿಂದ ದೂರವಿರಲಿ.

ಮಾಲೀಶು ಮಾಡುವವರು: ಇಷ್ಟು ಹೆದರಿಸುವ ಅಗತ್ಯವಿಲ್ಲ. ಇಪ್ಪತ್ತು ವರ್ಷದಿಂದ ಮಾಲೀಶು ಮಾಡುತ್ತಿದ್ದೇನೆ. ಮುಂಗೈ ಸಡಿಲವಾದರೆ ಮಣಿಕಟ್ಟು ತಾನಾಗಿ ಸರಿಹೋಗುತ್ತದೆ. ಎಲ್ಲರನ್ನೂ ಕತ್ತರಿಯ ಕಡೆಗೆ ತಳ್ಳುವುದು ಈಗಿನ ರೂಢಿಯಾಗಿದೆ.

ಶಸ್ತ್ರಚಿಕಿತ್ಸೆ ಆದವಳು: ಅಣ್ಣ, ಇದೇ ಮಾತು ಕೇಳಿ ನಾನು ಎರಡು ವರ್ಷ ಕಳೆದೆ. ಮಾಲೀಶು ಆದ ರಾತ್ರಿ ನಿದ್ದೆ ಬರುತ್ತಿತ್ತು, ಮೂರನೆಯ ರಾತ್ರಿ ಮತ್ತೆ ಅದೇ ಗೋಳು. ಕೊನೆಗೆ ಶಸ್ತ್ರಚಿಕಿತ್ಸೆಗೆ ಹಿಡಿದದ್ದು ಅರ್ಧ ಗಂಟೆಯೂ ಅಲ್ಲ. ಜೋಮು ಆ ವಾರವೇ ಹೋಯಿತು.

ಮಾಲೀಶು ಮಾಡುವವರು: ನಿಮಗೆ ಮಾಡಿದವರಿಗೆ ಕೆಲಸ ಬರುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆ ಆದವಳು: ಗುಣವಾದರೆ ನಿಮ್ಮ ಕೈಗುಣ, ಆಗದಿದ್ದರೆ ಬೇರೆಯವರ ತಪ್ಪು. ಎಂಟು ತಿಂಗಳು ಉಜ್ಜಿಸಿಕೊಂಡು ಆ ತಾಯಿಯ ಬೆರಳು ಮರಗಟ್ಟಿದೆ, ಅದಕ್ಕೆ ಏನು ಹೇಳುತ್ತೀರಿ?

ಮಾಲೀಶು ಮಾಡುವವರು: ನನ್ನ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕಬೇಡಿ. ನಿಮ್ಮ ಅಂಗೈ ಗಾಯ ಇನ್ನೂ ನೋಯುತ್ತದೆಯೋ ಇಲ್ಲವೋ, ಅದನ್ನೂ ಬರೆಯಿರಿ.

ಶಸ್ತ್ರಚಿಕಿತ್ಸೆ ಆದವಳು: ನೋಯಿತು. ಮೂರು ತಿಂಗಳು ಕೈ ಊರಿ ಏಳಲು ಆಗಲಿಲ್ಲ. ಮುಚ್ಚಿಡುವುದಿಲ್ಲ. ಆದರೂ ಈಗ ಮಗುವಿನ ಅಂಗಿಯ ಗುಂಡಿ ಹಾಕುತ್ತೇನೆ.

ಹಿರಿಯ ಸದಸ್ಯರು: ನನ್ನ ಸಂದೇಶ ಮಾತ್ರ ಅಳಿಸಬೇಕು, ಇವರ ಜಗಳ ಇರಬಹುದು, ಇದು ಯಾವ ನ್ಯಾಯ?

ನಿರ್ವಾಹಕಿ: ಇಬ್ಬರೂ ನಿಲ್ಲಿಸಿ. ಸರ್, ನೀವೂ.

ಫಿಸಿಯೋಥೆರಪಿಸ್ಟ್: ಮಾಲೀಶು ಮಾಡುವವರೇ, ನಾನೂ ಮಸಾಜ್ ಮಾಡಿಯೇ ಬದುಕುವವಳು. ನಿಮ್ಮ ಕೈಯಿಂದ ಜನರಿಗೆ ಹಾಯೆನಿಸುವುದು ಸುಳ್ಳೆಂದು ಹೇಳಲಿಲ್ಲ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದೂ ಹೇಳಲಿಲ್ಲ, ಮೊದಲ ಉತ್ತರದಲ್ಲಿ ಸ್ಪ್ಲಿಂಟ್ ಎಂದಿದ್ದೇನೆ. ನಡುವೆ ಸ್ಟೀರಾಯ್ಡ್ ಚುಚ್ಚುಮದ್ದೂ ಇದೆ, ಅದು ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳ ಆರಾಮ ಕೊಡುತ್ತದೆ. ನಿಮ್ಮಲ್ಲಿಗೆ ಬಂದವರ ಹೆಬ್ಬೆರಳ ಬುಡ ಕರಗಿದ್ದರೆ, ಸ್ಪರ್ಶ ಸತತವಾಗಿ ಮಂಕಾಗಿದ್ದರೆ ವೈದ್ಯರಲ್ಲಿಗೆ ಕಳುಹಿಸಿ. ನಾನು ಕೇಳುವುದು ಅಷ್ಟೇ.

ಡಯಾಲಿಸಿಸ್ ರೋಗಿಯ ಪತ್ನಿ: ಯಜಮಾನರಿಗೆ ಹನ್ನೊಂದು ವರ್ಷದಿಂದ ಡಯಾಲಿಸಿಸ್. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ತೋಳಿನ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯೇ ಜೋಮು. ಮೆಲ್ಲಗೆ ಮಸಾಜ್ ಮಾಡಬಹುದೇ?

ಫಿಸಿಯೋಥೆರಪಿಸ್ಟ್: ಬೇಡ. ಫಿಸ್ಟುಲಾ ಇರುವ ತೋಳನ್ನು ಒತ್ತಬಾರದು, ಬಿಗಿಯಾದ ಪಟ್ಟಿಯನ್ನೂ ಕಟ್ಟಬಾರದು. ಹಲವು ವರ್ಷ ಡಯಾಲಿಸಿಸ್ ಆದವರಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮಣಿಕಟ್ಟಿನೊಳಗೆ ಶೇಖರವಾಗಿ ಇದೇ ತೊಂದರೆ ಬರುತ್ತದೆ. ಫಿಸ್ಟುಲಾದಿಂದ ಕೈಗೆ ರಕ್ತ ಕಡಿಮೆಯಾದರೂ ಜೋಮು ಬರಬಹುದು, ಆಗ ಬೆರಳು ತಣ್ಣಗಿರುತ್ತದೆ, ಬಿಳಿಚಿಕೊಳ್ಳುತ್ತದೆ. ಮುಂದಿನ ಡಯಾಲಿಸಿಸ್‌ವರೆಗೂ ಕಾಯದೆ ಮೂತ್ರಪಿಂಡದ ವೈದ್ಯರಿಗೆ ತಿಳಿಸಿ.

ಗಿಟಾರ್ ಕಲಿಯುವವನು: ಮೇಡಂ, ನನ್ನ ಪ್ರಶ್ನೆ ಮೇಲೆ ಇದೆ.

ಬ್ಯಾಂಕ್ ಉದ್ಯೋಗಿ: ರಾತ್ರಿ ಕೈ ಜೋಮು ಬರುತ್ತದೆ. ಮಸಾಜ್ ಒಳ್ಳೆಯದೇ?

ಫಿಸಿಯೋಥೆರಪಿಸ್ಟ್: ಮೊದಲ ಉತ್ತರ ಓದಿ.

ಬ್ಯಾಂಕ್ ಉದ್ಯೋಗಿ: ಅಷ್ಟು ಉದ್ದ ಓದಲು ಸಮಯವಿಲ್ಲ, ಒಂದು ಸಾಲಿನಲ್ಲಿ ಹೇಳಬಾರದೇ?

ಫಿಸಿಯೋಥೆರಪಿಸ್ಟ್: ಅದನ್ನು ಬರೆಯಲು ನನಗೂ ಸಮಯ ಹಿಡಿದಿದೆ.

ಮಾಲೀಶು ಮಾಡುವವರು: ಕೇಳುವವರಿಗೆ ಉತ್ತರ ಕೊಡುವ ರೀತಿಯೇ ಇದು?

ಶಸ್ತ್ರಚಿಕಿತ್ಸೆ ಆದವಳು: ಮತ್ತೆ ಶುರು ಮಾಡಬೇಡಿ.

ಹೊಲಿಗೆಯವರ ಮಗಳು: ಮೇಡಂ, ನೋಡಿದೆ. ಬಲಗಡೆ ಕುಳಿ ಬಿದ್ದಿದೆ. ದಿನಾ ಆ ಕೈಯನ್ನು ಹಿಡಿಯುತ್ತಿದ್ದವಳು ನಾನು, ಹೇಗೆ ಕಾಣಲಿಲ್ಲವೋ. ಒತ್ತಿದರೆ ಹೆಬ್ಬೆರಳು ತಡೆಯುವುದೇ ಇಲ್ಲ. ಇದಕ್ಕೆ ನನ್ನ ಮಸಾಜ್ ಕಾರಣವೇ?

ಫಿಸಿಯೋಥೆರಪಿಸ್ಟ್: ಮುಂಗೈಯನ್ನು ಮೆಲ್ಲಗೆ ಉಜ್ಜಿದ್ದರಿಂದ ಹೀಗಾಗುವುದಿಲ್ಲ. ಒತ್ತಡ ನಾಲ್ಕು ವರ್ಷದ್ದು. ನಿಮ್ಮ ಆರೈಕೆಯಿಂದ ಅವರಿಗೆ ಸುಖ ಸಿಕ್ಕಿದೆ. ಕಳೆದದ್ದು ಸಮಯ, ಅದನ್ನು ಇನ್ನು ಕಳೆಯುವುದು ಬೇಡ. ನಾಳೆಯೇ ವೈದ್ಯರ ಬಳಿ ಸಮಯ ಗೊತ್ತುಮಾಡಿ. ಕುಳಿ ಬಿದ್ದಿದೆ, ಹೆಬ್ಬೆರಳು ಎತ್ತಲು ಬಲವಿಲ್ಲ, ಸ್ಪರ್ಶವಿಲ್ಲ ಎಂದು ಮೂರನ್ನೂ ಮೊದಲೇ ಹೇಳಿ, ಆಗ ಬೇಗ ನೋಡುತ್ತಾರೆ. ಕುತ್ತಿಗೆ ನೋವಿದೆಯೇ, ನಡೆಯುವಾಗ ತಡವರಿಸುತ್ತಾರೆಯೇ ಎಂಬುದನ್ನೂ ತಿಳಿಸಿ. ಕುತ್ತಿಗೆಯಲ್ಲಿ ನರ ಒತ್ತಿದರೂ ಕೈ ಹೀಗಾಗುವುದುಂಟು.

ಹೊಲಿಗೆಯವರ ಮಗಳು: ಅಮ್ಮ ಪಕ್ಕದಲ್ಲೇ ಕುಳಿತಿದ್ದಾರೆ, ಇಂದಿನ ಮಸಾಜ್ ಬಾಕಿ ಇದೆ ಎನ್ನುತ್ತಿದ್ದಾರೆ. ಮಾಡಲೇ?

ಫಿಸಿಯೋಥೆರಪಿಸ್ಟ್: ಮಾಡಿ. ಮೊಣಕೈಯಿಂದ ಕೆಳಗೆ ಮುಂಗೈಗೆ ಮಾತ್ರ, ಹಗುರವಾಗಿ. ಮಣಿಕಟ್ಟನ್ನು ಒತ್ತಬೇಡಿ, ಎಣ್ಣೆ ಕಾಯಿಸಬೇಡಿ. ಸ್ಪ್ಲಿಂಟ್ ಕಟ್ಟಿ ಮಲಗಿಸಿ. ವೈದ್ಯರು ಏನೆಂದರು ಎಂದು ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.