ಟ್ಯಾಂಕ್ ಗೀಸರ್ ತೆಗೆದು ಇನ್‌ಸ್ಟಂಟ್ ಗೀಸರ್ ಹಾಕಿಸುವುದು ಸರಿಯಾದ ನಿರ್ಧಾರವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಸ್ನಾನದ ಮನೆಯಲ್ಲಿರುವ 25 ಲೀಟರಿನ ಗೀಸರ್‌ಗೆ ಹನ್ನೊಂದು ವರ್ಷವಾಗಿದೆ. ಕಳೆದ ತಿಂಗಳಿನಿಂದ ಅದರ ಅಡಿಯಿಂದ ತುಕ್ಕಿನ ಬಣ್ಣದ ನೀರು ಜಿನುಗುತ್ತಿದ್ದು, ಒಳಗಿನ ಟ್ಯಾಂಕೇ ತೂತಾಗಿರುವುದರಿಂದ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ ಎಂದು ಬಂದು ನೋಡಿದ ಮೆಕ್ಯಾನಿಕ್ ಹೇಳಿದ್ದಾರೆ. ಹೇಗಿದ್ದರೂ ಹೊಸದನ್ನು ಕೊಳ್ಳಬೇಕಾಗಿರುವಾಗ, ಟ್ಯಾಂಕೇ ಇಲ್ಲದೆ ನೀರು ಹರಿಯುತ್ತಿರುವಾಗಲೇ ಕಾಯಿಸುವ ಇನ್‌ಸ್ಟಂಟ್ ಗೀಸರ್ ಹಾಕಿಸಿದರೆ ಹೇಗೆ ಎಂಬ ಯೋಚನೆ ಬಂದಿದೆ.

ಮನೆಯಲ್ಲಿ ನಾಲ್ವರಿದ್ದೇವೆ. ಬೆಳಿಗ್ಗೆ ಒಬ್ಬರಾದ ಮೇಲೆ ಒಬ್ಬರು ಷವರ್‌ನಲ್ಲಿ ಸ್ನಾನ ಮಾಡುವುದರಿಂದ, ಕೊನೆಯಲ್ಲಿ ಹೋಗುವ ನಮ್ಮ ತಾಯಿಯವರಿಗೆ ಪ್ರತಿದಿನವೂ ಉಗುರುಬೆಚ್ಚಗಿನ ನೀರೇ ಗತಿಯಾಗಿದೆ. ಈ ವಯಸ್ಸಿನಲ್ಲಿ ಅವರು ಹಾಗೆ ನಡುಗುತ್ತಾ ಹೊರಗೆ ಬರುವುದನ್ನು ನೋಡಲಾಗುತ್ತಿಲ್ಲ. ಇನ್‌ಸ್ಟಂಟ್ ಗೀಸರ್‌ನಲ್ಲಿ ಬಿಸಿನೀರು ಮುಗಿಯುವುದೇ ಇಲ್ಲ, ಕರೆಂಟ್ ಬಿಲ್ಲೂ ಇಳಿಯುತ್ತದೆ ಎನ್ನುತ್ತಾರೆ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1

ಬಿಸಿನೀರು ಮುಗಿಯುವುದಿಲ್ಲ ಎಂಬುದು ನಿಜ. ಆದರೆ ಎಷ್ಟು ಬಿಸಿಯಾದ ನೀರು ಎಷ್ಟು ರಭಸದಲ್ಲಿ ಬರುತ್ತದೆ ಎಂಬುದನ್ನು ಗೀಸರ್‌ನ ಕಿಲೋವ್ಯಾಟ್ ನಿರ್ಧರಿಸುತ್ತದೆ. ಲೆಕ್ಕ ಸುಲಭವಾಗಿದೆ. ನಿಮಿಷಕ್ಕೆ ಹರಿಯುವ ಲೀಟರುಗಳನ್ನು, ನೀರನ್ನು ಎಷ್ಟು ಡಿಗ್ರಿ ಏರಿಸಬೇಕೋ ಅದರಿಂದ ಗುಣಿಸಿ, ಬಂದದ್ದನ್ನು 0.07ರಿಂದ ಗುಣಿಸಿದರೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. ಆದ್ದರಿಂದ ಅತ್ಯಂತ ಚಳಿಯಿರುವ ದಿನಗಳಲ್ಲಿ ನಿಮ್ಮ ನಲ್ಲಿಯ ನೀರಿನ ಉಷ್ಣತೆ ಎಷ್ಟಿರುತ್ತದೆ ಎಂಬುದನ್ನೂ, ನಿಮ್ಮ ಷವರ್ 10 ಲೀಟರಿನ ಬಕೆಟ್ಟನ್ನು ಎಷ್ಟು ಹೊತ್ತಿನಲ್ಲಿ ತುಂಬಿಸುತ್ತದೆ ಎಂಬುದನ್ನೂ ಅಳೆಯದೆ ಯಾವ ಗೀಸರನ್ನೂ ಆರಿಸಬೇಡಿ. ಬೇಸಿಗೆಯಲ್ಲಿ ಅಳೆದು ಕೊಂಡವರು ಚಳಿಗಾಲದಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ಬಿಲ್ಲಿನ ಬಗ್ಗೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅಷ್ಟೇ ನೀರನ್ನು ಅಷ್ಟೇ ಡಿಗ್ರಿ ಕಾಯಿಸಲು ಎರಡು ಬಗೆಯ ಗೀಸರ್‌ಗಳಿಗೂ ಹೆಚ್ಚುಕಡಿಮೆ ಅಷ್ಟೇ ಕರೆಂಟ್ ಬೇಕು. ಉಳಿತಾಯವಾಗುವುದು ಟ್ಯಾಂಕಿನಲ್ಲಿ ಕಾದು ನಿಂತ ನೀರು ಆರಿಹೋಗುವಾಗ ನಷ್ಟವಾಗುವ ಶಾಖ ಮಾತ್ರ. ದಿನವಿಡೀ ಗೀಸರ್ ಹಾಕಿಟ್ಟಿರುವ ಮನೆಯಲ್ಲಿ ಆ ನಷ್ಟ ಗಮನಾರ್ಹವಾದದ್ದೇ. ಸ್ನಾನಕ್ಕೆ ಮೊದಲು ಸ್ವಿಚ್ ಹಾಕಿ, ಕಾಯಿಸಿದ ನೀರನ್ನೆಲ್ಲ ಬಳಸಿ, ಮುಗಿದ ಮೇಲೆ ಆರಿಸುವ ಮನೆಯಲ್ಲಿ ಉಳಿಸಲು ಉಳಿದಿರುವುದು ಬಹಳ ಕಡಿಮೆ.

ಉತ್ತರ 2

ನಾನು ಮೂರು ವರ್ಷಗಳ ಹಿಂದೆ 4.5 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್‌ಗೆ ಬದಲಾಯಿಸಿದವನು. ಆದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ನಮ್ಮದು ಮೇಲಿನ ಮಹಡಿ. ಓವರ್‌ಹೆಡ್ ಟ್ಯಾಂಕ್ ನಮ್ಮ ಷವರ್‌ಗಿಂತ ಎರಡೇ ಮೀಟರ್ ಎತ್ತರದಲ್ಲಿದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಎಂದು ಹಿಡಿದರೆ ನಮಗೆ ಸಿಗುವುದು 0.2 ಬಾರ್. ಈ ಗೀಸರ್‌ನೊಳಗೆ ನೀರಿನ ಹರಿವನ್ನು ಗುರುತಿಸುವ ಸ್ವಿಚ್ ಇರುತ್ತದೆ, ಹರಿವು ಒಂದು ಮಟ್ಟ ತಲುಪಿದರೆ ಮಾತ್ರ ಕಾಯಿಲ್ ಕಾಯುತ್ತದೆ. ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿರುವಾಗ ಅಡುಗೆಮನೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ಸಾಕು, ನಮ್ಮ ಹರಿವು ಕುಗ್ಗಿ ಒಳಗಿನಿಂದ ಟಕ್ ಎಂಬ ಸದ್ದು ಬರುತ್ತಿತ್ತು, ಅದರ ಹಿಂದೆಯೇ ಬೆನ್ನ ಮೇಲೆ ತಣ್ಣೀರು ಬೀಳುತ್ತಿತ್ತು. ಒತ್ತಡ ಹೆಚ್ಚಿಸುವ ಪಂಪ್ ಕೂಡಿಸಿದ ಮೇಲಷ್ಟೇ ಅದು ನಿಂತಿತು. ಹಾಕಿಸಿದವರು ನೀರಿನ ಒತ್ತಡದ ಬಗ್ಗೆ ಒಂದು ಮಾತನ್ನೂ ಕೇಳಿರಲಿಲ್ಲ.

ಎರಡನೆಯದು ಗಡಸು ನೀರು. ಕಾಯಿಸಿದಾಗ ನೀರಿನಲ್ಲಿರುವ ಸುಣ್ಣದ ಅಂಶ ಪೊರೆಯಾಗಿ ಕೂರುತ್ತದೆ. ಟ್ಯಾಂಕಿನಲ್ಲಾದರೆ ಅದು ತಳಕ್ಕಿಳಿದು ಬಿದ್ದಿರಲು ಜಾಗವಿದೆ, ಇಲ್ಲಿ ನೀರು ಹರಿಯುವ ದಾರಿಯೇ ಕಿರಿದು. ಎರಡನೆಯ ವರ್ಷದ ಹೊತ್ತಿಗೆ ಷವರ್‌ನ ತೂತುಗಳಲ್ಲಿ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೂರುಗಳು ಸಿಕ್ಕಿಹಾಕಿಕೊಳ್ಳತೊಡಗಿದವು. ಈಗ ವರ್ಷಕ್ಕೊಮ್ಮೆ ಸಿಟ್ರಿಕ್ ಆಮ್ಲದ ದ್ರಾವಣದಿಂದ ಒಳಗನ್ನು ತೊಳೆಸುತ್ತೇನೆ. ಇಷ್ಟಾದರೂ ಗೋಡೆಯಲ್ಲಿ ಜಾಗ ಉಳಿದದ್ದು ಮತ್ತು ಕಾಯುವ ಕೆಲಸ ತಪ್ಪಿದ್ದು ನನಗೆ ಸಂತೋಷ ತಂದಿದೆ. ಆದರೆ ನಮ್ಮ ಮನೆಯಲ್ಲಿರುವುದು ಇಬ್ಬರೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಈ ದಿನಗಳಲ್ಲೇ ನಮ್ಮಲ್ಲಿ ಚಳಿ ಹೆಚ್ಚಾಗಿರುವುದರಿಂದ ಇಂದು ಬೆಳಿಗ್ಗೆಯೇ ಅಳೆದೆ. ನಲ್ಲಿಯ ನೀರು 16 ಡಿಗ್ರಿ ಇತ್ತು, ಬಕೆಟ್ ತುಂಬಲು 80 ಸೆಕೆಂಡ್ ಹಿಡಿಯಿತು, ಅಂದರೆ ನಿಮಿಷಕ್ಕೆ 7.5 ಲೀಟರ್. ನಮಗೆ 40 ಡಿಗ್ರಿಯ ನೀರು ಬೇಕು. ಹಾಗಾದರೆ ಸುಮಾರು 12.5 ಕಿಲೋವ್ಯಾಟ್ ಎಂದಾಯಿತು. ನನ್ನ ಲೆಕ್ಕ ಸರಿಯಿದೆಯೇ? ಗ್ಯಾಸ್‌ನ ಗೀಸರ್ ಇದಕ್ಕೆ ಪರಿಹಾರವಾಗಬಹುದೇ?

ಉತ್ತರ 3

ಲೆಕ್ಕ ಸರಿಯಿದೆ. 230 ವೋಲ್ಟಿನಲ್ಲಿ ಅದು ಸುಮಾರು 54 ಆಂಪಿಯರ್ ಆಗುತ್ತದೆ. ಈಗಿರುವ 16 ಆಂಪಿಯರ್ ಸಾಕೆಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ಮೇನ್ ಬೋರ್ಡಿನಿಂದ ಪ್ರತ್ಯೇಕವಾಗಿ ದಪ್ಪ ವೈರ್ ಎಳೆಸಿ, ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಆರುವ ಪ್ರತ್ಯೇಕ ಸ್ವಿಚ್ (ಎಂಸಿಬಿ) ಹಾಕಿಸಿ, ಮನೆಗೆ ಮಂಜೂರಾಗಿರುವ ಲೋಡನ್ನೂ ಹೆಚ್ಚಿಸಬೇಕಾದೀತು. ಇದೇ ಸಾಕೆಟ್ಟಿಗೆ 3 ಕಿಲೋವ್ಯಾಟಿನದನ್ನು ಹಾಕಿದರೆ 40 ಡಿಗ್ರಿಯ ನೀರು ನಿಮಿಷಕ್ಕೆ 1.8 ಲೀಟರ್ ಮಾತ್ರ ಬರುತ್ತದೆ, ಅದರಿಂದ ಷವರ್ ಸ್ನಾನ ಸಾಧ್ಯವಿಲ್ಲ.

ಗ್ಯಾಸ್ ಗೀಸರ್‌ಗೆ ಅಷ್ಟು ಶಕ್ತಿ ಇರುತ್ತದೆ. ಆದರೆ ಅದನ್ನು ಸ್ನಾನದ ಮನೆಯೊಳಗೆ ಮಾತ್ರ ಖಂಡಿತ ಹಾಕಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಉಂಟಾಗುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗಿರುವವರಿಗೆ ತಲೆ ಸುತ್ತುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಉಳಿಯದೇ ಹೋಗಬಹುದು. ಗಾಳಿಯಾಡುವ ಹೊರಗೋಡೆಯ ಮೇಲೆ, ಹೊಗೆ ನೇರವಾಗಿ ಬಯಲಿಗೆ ಹೋಗುವ ಕೊಳವೆಯೊಂದಿಗೆ ಕೂರಿಸಲು ಸಾಧ್ಯವಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ನಿಮ್ಮ ತಾಯಿಯವರ ತೊಂದರೆಗೆ ಇದಕ್ಕಿಂತ ಸುಲಭವಾದ ಉಪಾಯವಿದೆ. 60 ಡಿಗ್ರಿಗೆ ಕಾದ 25 ಲೀಟರ್ ನೀರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಸುಮಾರು 45 ಲೀಟರ್ ಆಗುತ್ತದೆ. ನಿಮ್ಮ ಷವರ್‌ನಲ್ಲಿ ಅದು ಆರೇ ನಿಮಿಷದಲ್ಲಿ ಖಾಲಿಯಾಗುತ್ತದೆ, ಮತ್ತೆ ಅಷ್ಟನ್ನು ಕಾಯಿಸಲು 2 ಕಿಲೋವ್ಯಾಟಿನ ಕಾಯಿಲ್‌ಗೆ 38 ನಿಮಿಷ ಬೇಕು. 50 ಲೀಟರಿನ ಟ್ಯಾಂಕ್ ಹಾಕಿಸಿ, ನಿಮಿಷಕ್ಕೆ 5 ಲೀಟರ್ ಬಿಡುವ ಷವರ್ ಕೂಡಿಸಿ. ಆಗ ನಾಲ್ವರೂ ಆರಾರು ನಿಮಿಷ ನೀರು ಬಿಟ್ಟುಕೊಂಡರೆ 120 ಲೀಟರ್ ಬೇಕಾಗುತ್ತದೆ. ಟ್ಯಾಂಕಿನಿಂದ 90 ಲೀಟರಿನಷ್ಟು ಸಿಗುತ್ತದೆ, ನಾಲ್ವರ ಸ್ನಾನ ಮುಗಿಯಲು ಹಿಡಿಯುವ 40 ನಿಮಿಷಗಳಲ್ಲಿ ಕಾಯಿಲ್ ಇನ್ನೂ 45ರಷ್ಟು ಕೂಡಿಸುತ್ತದೆ. ಟ್ಯಾಂಕಿನೊಳಗೆ ತಣ್ಣೀರು ಬೆರೆತು ಸ್ವಲ್ಪ ಕಳೆದರೂ ಸಾಲುತ್ತದೆ. ನೀರೇ 50 ಕಿಲೋ ತೂಗುವುದರಿಂದ ಗೋಡೆ ಗಟ್ಟಿಯಿದೆಯೇ ಎಂದು ಮೊದಲು ನೋಡಿಸಿ.

ಪ್ರಶ್ನೆ ಕೇಳಿದವರು

ಮನೆಯವರೆಲ್ಲರೂ ಕುಳಿತು ಮಾತನಾಡಿದೆವು. 50 ಲೀಟರಿನ ಟ್ಯಾಂಕ್ ಗೀಸರನ್ನೇ ತರುತ್ತೇವೆ, ಷವರನ್ನೂ ಬದಲಾಯಿಸುತ್ತೇವೆ. ಹಳೆಯದರಲ್ಲಿ ತುಕ್ಕು ತಡೆಯಲೆಂದು ಇರುವ ಮೆಗ್ನೀಷಿಯಂ ಕಡ್ಡಿಯನ್ನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಬದಲಾಯಿಸಿರಲಿಲ್ಲ ಎಂಬುದು ಈಗ ತಿಳಿಯಿತು. ಬಿಚ್ಚಿಸಿ ನೋಡಿದಾಗ ಬರಿಯ ತಂತಿ ಮಾತ್ರ ಉಳಿದಿತ್ತು. ಅಡುಗೆಮನೆಯ ಸಿಂಕ್‌ಗೆ ನಿಮಿಷಕ್ಕೆ ಎರಡು ಲೀಟರ್ ಸಾಕಾಗುವುದರಿಂದ, ಅಲ್ಲಿಗೆ ಮಾತ್ರ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಹಾಕಿಸಬೇಕೆಂದಿದ್ದೇವೆ. ಅಲ್ಲಿಯ ಸಾಕೆಟ್ ಮತ್ತು ಅರ್ಥಿಂಗನ್ನು ನೋಡಲು ಎಲೆಕ್ಟ್ರಿಷಿಯನ್ ನಾಳೆ ಬರುತ್ತಾರೆ.