ಸಹಾಯ ಬೇಕು: ಕ್ಯಾಲ್ಮಾಡ್ಯುಲಿನ್ ಹೃದಯದಲ್ಲಿ ಒಂದು ಥರ, ನರದಲ್ಲಿ ಇನ್ನೊಂದು ಥರ ಯಾಕೆ?

ಅಯಾನ್ ಚಾನೆಲ್ (ಕೋಶದ ಪೊರೆಯಲ್ಲಿ ಅಯಾನುಗಳು ಹಾದುಹೋಗುವ ಪ್ರೋಟೀನ್ ದಾರಿ) ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹೃದಯದ ಕೋಶದಲ್ಲಿ ಸಿಎವಿ1.2 ಅನ್ನುವ ಕ್ಯಾಲ್ಸಿಯಂ ಚಾನೆಲ್ ತೆರೆದಾಗ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಚಾನೆಲ್‌ನ ಬಾಲಕ್ಕೆ ಮೊದಲೇ ಅಂಟಿಕೊಂಡಿರುವ ಕ್ಯಾಲ್ಮಾಡ್ಯುಲಿನ್ (ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್) ಆ ಕ್ಯಾಲ್ಸಿಯಂ ಹಿಡಿದು, ಚಾನೆಲ್ಲಿಗೇ ಬ್ರೇಕ್ ಹಾಕುತ್ತದೆ. ಕ್ಯಾಲ್ಸಿಯಂ ಬದಲು ಬೇರಿಯಂ ಕೊಟ್ಟರೆ ಕರೆಂಟ್ ಇಳಿಯುವುದು ತುಂಬಾ ನಿಧಾನ, ಅಂದರೆ ಈ ಬ್ರೇಕ್‌ಗೆ ಕ್ಯಾಲ್ಸಿಯಂ ಬೇಕು. ಇಲ್ಲಿವರೆಗೆ ಅರ್ಥವಾಯಿತು.

ಕ್ಯಾಲ್ಮಾಡ್ಯುಲಿನ್‌ಗೆ ಎರಡು ತುದಿ (ಎನ್ ಮತ್ತು ಸಿ), ಒಂದೊಂದರಲ್ಲೂ ಕ್ಯಾಲ್ಸಿಯಂಗೆ 2 ಜಾಗ. ಸಿಎವಿ1.2ನಲ್ಲಿ ಬ್ರೇಕ್ ಹಾಕುವುದು ಮುಖ್ಯವಾಗಿ ಸಿ ತುದಿ. ಆದರೆ ನರಕೋಶದ ಕ್ಯಾಲ್ಸಿಯಂ ಚಾನೆಲ್ ಸಿಎವಿ2.1ನಲ್ಲಿ ಅದೇ ಸಿ ತುದಿ ಕರೆಂಟನ್ನು ಜಾಸ್ತಿ ಮಾಡುತ್ತದೆ, ತಡೆಯುವುದು ಎನ್ ತುದಿ! ಎರಡೂ ಚಾನೆಲ್‌ಗಳ ಐಕ್ಯೂ ಭಾಗವನ್ನು (ಬಾಲದಲ್ಲಿ ಕ್ಯಾಲ್ಮಾಡ್ಯುಲಿನ್ ಅಂಟುವ ಜಾಗ) ಪಕ್ಕಪಕ್ಕ ಇಟ್ಟು ನೋಡಿದೆ. ಬಹಳ ಹೋಲುತ್ತವೆ, ಉತ್ತರ ಸಿಗಲಿಲ್ಲ.

ಹಾಗಾದರೆ ಯಾವ ತುದಿ ಯಾವ ಕೆಲಸ ಮಾಡಬೇಕು ಅನ್ನುವುದನ್ನು ತೀರ್ಮಾನಿಸುವುದು ಐಕ್ಯೂ ಭಾಗವೋ, ಚಾನೆಲ್‌ನ ಬೇರೆ ಯಾವುದಾದರೂ ಭಾಗವೋ?