ಸಹಾಯ ಬೇಕು: ಹಳೇ ಕ್ಷೌರದ ಕತ್ತಿಗೆ ಕಟ್ಟಿಗಿ ಹಿಡಿಕಿ

ಹುಬ್ಬಳ್ಳಿ ದುರ್ಗದಬೈಲಿನ ಸಂದ್ಯಾಗ 150 ರೂಪಾಯಿಗೆ ಒಂದು ಮಡಚೋ ಕ್ಷೌರದ ಕತ್ತಿ ಸಿಕ್ತು. ಪ್ಲಾಸ್ಟಿಕ್ ಹಿಡಿಕಿ ಸೀಳಿತ್ತು, ಬೆನ್ನಿಗೆ ತುಕ್ಕು. ಅಲಗು ಮಾತ್ರ ಚಲೋ ಐತಿ, ಉಗುರಿನಿಂದ ಮೀಟಿದ್ರ ಟಿಣ್ ಅಂತೈತಿ. ಎಣ್ಣಿ ಹಚ್ಚಿ 600 ನಂಬರಿನ ಪಾಲಿಶ್ ಪೇಪರಿನಿಂದ ತುಕ್ಕು ತಗದೀನಿ. ಗ್ರೈಂಡರಿಗೆ ಹಿಡಿ ಅಂದ್ರು ಒಬ್ರು. ಬಿಸಿಗೆ ಉಕ್ಕಿನ ಹದ ಹೋದ್ರ ಮುಗೀತಲ್ರಿ, ಒಲ್ಲೆ ಅಂದೆ.

ಹಳೇ ತೊಟ್ಟಿಲಿನ ಬೀಟೆ ಚೂರಿನಾಗ 3 ಮಿ.ಮೀ. ದಪ್ಪದ ಎರಡು ಪಟ್ಟಿ ಕೊಯ್ದೆ. ತೂತು ಹಾಕುವಾಗ ಒಂದು ಸೀಳ್ತು. ಮತ್ತೊಂದು ಮಾಡಿ, ಸಣ್ಣ ಸ್ಕ್ರೂ ಹಾಕಿ ಮಡಚಿದ್ರ ಅಲಗಿನ ಬಾಯಿ ಎಡಕ್ಕ ಕಟ್ಟಿಗಿಗೆ ತಾಗತೈತಿ. ಹಿಂದಿನ ಬೆಣೆ (ಎರಡು ಪಟ್ಟಿ ನಡುವ ಇಡೋ ಚೂರು) ಓರೆನೋ, ತೂತು ಸೊಟ್ಟನೋ ತಿಳೀವಲ್ದು.

ಸ್ಕ್ರೂ ತಗದು ರಿವೆಟ್ ಹೊಡ್ಯಾಕ 1.6 ಮಿ.ಮೀ. ಹಿತ್ತಾಳಿ ತಂತಿ, ಅದಕ್ಕ ಹೊಂದೋ ವಾಷರ್ ಹುಬ್ಬಳ್ಳಿ-ಧಾರವಾಡದಾಗ ಎಲ್ಲಿ ಸಿಗ್ತಾವ? ಯಾರ ಹತ್ರನಾದ್ರೂ 8000 ನಂಬರಿನ (ಭಾಳ ನುಣುಪು) ಸಾಣೆಕಲ್ಲು ಐತೇನ್ರಿ? ಒಂದು ದಿನಕ್ಕ ಕೊಟ್ರ ಸಾಕು, ಪೇಡೆ ನಂದು.